ಶುಗರ್ ಇದ್ದವರ ಒಸಡನ್ನು ನಾನು ನೋಡುವ ರೀತಿ

ಬೆಂಗಳೂರಿನ ಹನುಮಂತನಗರದಲ್ಲಿ ನನ್ನದೊಂದು ಪುಟ್ಟ ಹಲ್ಲಿನ ಕ್ಲಿನಿಕ್ ಇದೆ. ನಾನು ವಿಶೇಷವಾಗಿ ಓದಿದ್ದು ಒಸಡಿನ ಚಿಕಿತ್ಸೆ. ಬರುವವರಲ್ಲಿ ನಲವತ್ತು ದಾಟಿದವರೇ ಜಾಸ್ತಿ, ಅವರಲ್ಲಿ ಬಹಳ ಮಂದಿಗೆ ಶುಗರ್ ಇರುತ್ತದೆ. ಹಾಗಾಗಿ ಬಾಯಿ ತೆಗೆಸುವ ಮೊದಲೇ ಕೇಳಿಬಿಡುತ್ತೇನೆ: "ಮೂರು ತಿಂಗಳ ಶುಗರ್ ಟೆಸ್ಟ್ ಎಷ್ಟು ಬಂದಿತ್ತು?" ಹಲ್ಲಿನ ಡಾಕ್ಟ್ರಿಗೆ ಇದೆಲ್ಲ ಯಾಕೆ ಎಂದು ಕೆಲವರು ಹುಬ್ಬೇರಿಸುತ್ತಾರೆ.

ರಕ್ತದಲ್ಲಿ ಸಕ್ಕರೆ ಸದಾ ಜಾಸ್ತಿ ಇದ್ದರೆ ಸೋಂಕನ್ನು ಎದುರಿಸುವ ಬಿಳಿ ರಕ್ತಕಣಗಳು ಸೋಲುತ್ತವೆ. ಗಾಯ ಬೇಗ ಮಾಯುವುದಿಲ್ಲ. ಹಲ್ಲಿನ ಬುಡದಲ್ಲಿ ಪಾಚಿ ಕೂತರೆ ಯಾರ ಒಸಡಾದರೂ ಊದುತ್ತದೆ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಅದು ಅಲ್ಲಿಗೇ ನಿಲ್ಲುವುದಿಲ್ಲ, ಹಲ್ಲನ್ನು ಹಿಡಿದಿರುವ ಮೂಳೆಯೂ ಕರಗುತ್ತಾ ಹೋಗುತ್ತದೆ. ನಾರ್ವೆಯ ಒಸಡು ತಜ್ಞ ಹರಾಲ್ಡ್ ಲೋ 1993ರಲ್ಲೇ ಇದನ್ನು ಮಧುಮೇಹದ ಆರನೇ ತೊಡಕು ಎಂದು ಬರೆದರು. ಕಣ್ಣು, ಕಿಡ್ನಿ, ಕಾಲು ಎಲ್ಲರಿಗೂ ನೆನಪಿರುತ್ತದೆ. ಒಸಡು ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ, ಅಲ್ವಾ?

ಉಲ್ಟಾನೂ ನಿಜ. ಊದಿದ ಒಸಡಿನಿಂದ ರಕ್ತಕ್ಕೆ ಸೇರುವ ಕೆಲವು ಪದಾರ್ಥಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಒಸಡಿನ ಒಳಗಿನವರೆಗೂ ಕ್ಲೀನ್ ಮಾಡಿದರೆ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ, ಅಂದರೆ ನಾನು ಮೊದಲೇ ಕೇಳುವ ಆ ಮೂರು ತಿಂಗಳ ಶುಗರ್ ಟೆಸ್ಟಿನ ಅಂಕಿ, ಸರಾಸರಿ ಶೇ. 0.4ರಷ್ಟು ಅಂಕ ಇಳಿಯುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2022ರ ಕಾಕ್ರೇನ್ ವಿಮರ್ಶೆ ಹೇಳಿತು. 8.4 ಇದ್ದದ್ದು 8 ಆದ ಹಾಗೆ. ಮಾತ್ರೆ ಬಿಡುವಷ್ಟಲ್ಲ, ಆದರೆ ಬಿಟ್ಟುಕೊಡುವಷ್ಟು ಸಣ್ಣದೂ ಅಲ್ಲ.

ನನಗೆ ಎದುರಾಗುವ ದೊಡ್ಡ ಕಷ್ಟ "ನೋವೇ ಇಲ್ವಲ್ಲ" ಎನ್ನುವ ಮಾತು. ನಿವೃತ್ತ ಮೇಷ್ಟ್ರೊಬ್ಬರು ಮೊಮ್ಮಗಳ ಜೊತೆ ಬಂದವರು ಹಾಗೇ ಅಂದರು. "ಉಜ್ಜುವಾಗ ಸ್ವಲ್ಪ ರಕ್ತ ಬರುತ್ತಮ್ಮ, ಬ್ರಷ್ ಗಟ್ಟಿ ಇರಬೇಕು." ಅವರ ಕೈಗೆ ಕನ್ನಡಿ ಕೊಟ್ಟೆ. ಪ್ರೋಬ್ ಎಂದರೆ ಮಿಲಿಮೀಟರ್ ಗುರುತಿರುವ ಮೊಂಡು ತುದಿಯ ಕಡ್ಡಿ. ಅದನ್ನು ಹಲ್ಲು-ಒಸಡಿನ ಸಂದಿಗೆ ಮೆಲ್ಲಗೆ ಇಳಿಸಿ, ಒಂದೊಂದು ಹಲ್ಲಿಗೂ ಆರು ಕಡೆ ಅಳೆಯುತ್ತೇನೆ. ಅಂಕಿಗಳನ್ನು ಬೇಕೆಂದೇ ಜೋರಾಗಿ ಓದುತ್ತೇನೆ, ಸಹಾಯಕಿ ಬರೆದುಕೊಳ್ಳುತ್ತಾಳೆ. "ಎರಡು, ಮೂರು, ಎರಡು... ಆರು." ಆರು ಎಂದ ಕೂಡಲೇ ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು. ಮೂರರವರೆಗೆ ಸರಿ, ಆಮೇಲೆ ಅದು ಬ್ರಷ್ ತಲುಪದ ಪೊಟರೆ ಎಂದೆ. ಕಡ್ಡಿ ತೆಗೆದ ಜಾಗದಲ್ಲಿ ರಕ್ತ ಜಿನುಗುವುದನ್ನು ಕನ್ನಡಿಯಲ್ಲಿ ಅವರೇ ನೋಡಿದರು. ಬ್ರಷ್ಷಿನ ಮಾತು ಮತ್ತೆ ಬರಲಿಲ್ಲ. ಬೀಡಿ-ಸಿಗರೇಟು ಸೇದುವವರಲ್ಲಿ ಈ ರಕ್ತವೂ ಕಡಿಮೆ ಕಾಣುತ್ತದೆ, ಅದಕ್ಕೇ ಅವರ ವಿಷಯದಲ್ಲಿ ನನಗೆ ಇನ್ನೂ ಭಯ.

ಶುಗರ್ ಇರುವವರಿಗೆ ಬೆಳಗಿನ ಹೊತ್ತೇ ಸಮಯ ಕೊಡುತ್ತೇನೆ. ತಿಂಡಿ ತಿಂದು, ಮಾತ್ರೆ ತೊಗೊಂಡೇ ಬನ್ನಿ ಎಂದು ಹಿಂದಿನ ದಿನ ಫೋನ್ ಮಾಡಿ ಹೇಳಿಸುತ್ತೇನೆ. ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮುಗಿಸಿ, ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿ ನೇರ ಕುರ್ಚಿಗೆ ಬಂದು ಕೂರುವವರಿದ್ದಾರೆ. ಬೆರಳು ಚುಚ್ಚಿ ನೋಡಿದರೆ 70ಕ್ಕಿಂತ ಕೆಳಗೆ. ಆಗ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡುತ್ತೇನೆ. ಶುಗರ್ ತೀರಾ ಏರಿದ್ದರೆ ಕ್ಲೀನಿಂಗ್ ಮುಂದಕ್ಕೆ ಹಾಕುತ್ತೇನೆ. ಕೀವು ತುಂಬಿದ್ದರೆ ಮಾತ್ರ ಕಾಯುವುದಿಲ್ಲ, ಅವತ್ತೇ ತೆಗೆಯಬೇಕು. ಕೀವು ಒಳಗೇ ಇದ್ದರೆ ಶುಗರೂ ಇಳಿಯುವುದಿಲ್ಲ.

ಆಳವಾದ ಕ್ಲೀನಿಂಗನ್ನು ಮರಗಟ್ಟಿಸಿ, ಒಂದೊಂದು ಭಾಗವಾಗಿ ಮಾಡುತ್ತೇನೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತಂತೆ ಎಂಬ ಮಾತು ಎಲ್ಲ ಬೀದಿಯಲ್ಲೂ ಇದೆ. ಸಂದಿಯಲ್ಲಿ ಗಾರೆಯ ಹಾಗೆ ಗಟ್ಟಿಯಾಗಿ ತುಂಬಿದ್ದ ಪಾಚಿ ಹೋಗಿ, ಊತ ಇಳಿದಾಗ ಮೊದಲೇ ಇದ್ದ ಸಂದಿ ಕಾಣುತ್ತದೆ, ಅಷ್ಟೇ. ಕೆಲವು ದಿನ ತಣ್ಣೀರು ಜುಮ್ ಎನ್ನುವುದೂ ಉಂಟು. ಇದನ್ನು ಮೊದಲೇ ಹೇಳಿದರೆ ಜನ ಗಾಬರಿಯಾಗಿ ಅರ್ಧಕ್ಕೆ ಬಿಟ್ಟುಹೋಗುವುದಿಲ್ಲ.

ಮನೆಯಲ್ಲಿ ಮಾಡಬೇಕಾದ್ದನ್ನು ಬಾಯಿಮಾತಲ್ಲಿ ಹೇಳಿ ಕಳಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಕನ್ನಡಿ ಮುಂದೆ ಅವರ ಕೈಯಲ್ಲೇ ಮಾಡಿಸುತ್ತೇನೆ. ಮೆತ್ತನೆ ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿಯಬೇಕು. ಹಲ್ಲಿನ ಸಂದಿಗೆ ಸಣ್ಣ ಸಂದಿ ಬ್ರಷ್ ಬೇಕು, ಯಾವ ಸಂದಿಗೆ ಯಾವ ಅಳತೆ ಎಂದು ತೋರಿಸುತ್ತೇನೆ. ಪಿನ್ನು, ಬೆಂಕಿಕಡ್ಡಿ ಖಂಡಿತ ಬೇಡ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಬರೆದರೆ ಎರಡು ವಾರ ಅಷ್ಟೇ. ಸುಮ್ನೆ ತಿಂಗಳುಗಟ್ಟಲೆ ಮುಕ್ಕಳಿಸಿದರೆ ಹಲ್ಲು ಕಂದಾಗುತ್ತದೆ, ನಾಲಿಗೆ ರುಚಿ ಕೆಡುತ್ತದೆ.

ಬಿಪಿ ಮಾತ್ರೆಯ ಸ್ಟ್ರಿಪ್ಪನ್ನೂ ತರಲು ಹೇಳುತ್ತೇನೆ. ಅಮ್ಲೋಡಿಪಿನ್ ತೊಗೊಳ್ಳುವ ಕೆಲವರಿಗೆ ಒಸಡು ಹಲ್ಲಿನ ಮೇಲೆ ಬೆಳೆದು ಬರುತ್ತದೆ. ಅಂಥವರು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಬದಲಿಸಬಹುದೇ ಎಂದು ಅವರ ಡಾಕ್ಟ್ರಿಗೆ ನಾನೇ ಚೀಟಿ ಬರೆಯುತ್ತೇನೆ.

ಮೂರು ತಿಂಗಳ ಮೇಲೆ ಮತ್ತೆ ಅಳತೆ, ಜೊತೆಗೆ ಹೊಸ ಶುಗರ್ ರಿಪೋರ್ಟ್. ಮೇಷ್ಟ್ರ ಆರು ನಾಲ್ಕಕ್ಕೆ ಬಂತು. ಶುಗರೂ ಇಳಿದಿತ್ತು. ಅವರ ಡಾಕ್ಟ್ರು ಮಾತ್ರೆಯನ್ನೂ ಬದಲಿಸಿದ್ದರು, ಹಾಗಾಗಿ ಪೂರ್ತಿ ಒಸಡಿನಿಂದಲೇ ಎಂದು ನಾನು ಹೇಳುವುದಿಲ್ಲ. ಮತ್ತೆ ಮೂರು ತಿಂಗಳಿಗೆ ಬರಲು ಹೇಳಿದ್ದೇನೆ, ಒಸಡಿನ ರೋಗ ಒಂದು ಸಲ ಬಂದವರಿಗೆ ಈ ಓಡಾಟ ತಪ್ಪುವುದಿಲ್ಲ. ಖರ್ಚು ಭಾರ ಎನ್ನುವವರನ್ನು ಕೋಟೆ ಹತ್ತಿರ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿಗೆ ಕಳಿಸುತ್ತೇನೆ. ಅಲ್ಲಿ ಒಸಡಿಗೇ ಬೇರೆ ವಿಭಾಗವಿದೆ.

ಇನ್ನು ಕೆಲವರಿಗೆ ಶುಗರ್ ಇರುವುದೇ ಗೊತ್ತಿರುವುದಿಲ್ಲ. ಒಸಡಲ್ಲಿ ಪದೇ ಪದೇ ಕೀವು, ಬಾಯಿ ಒಣಗುವುದು, ನೋಡನೋಡುತ್ತಲೇ ಹಲ್ಲು ಅಲ್ಲಾಡುವುದು ಕಂಡರೆ ಅವರ ಬೆರಳನ್ನೂ ಚುಚ್ಚುತ್ತೇನೆ. ಅಂಕಿ ಜಾಸ್ತಿ ಬಂದರೆ ಪಕ್ಕಾ ಮಾಡಿಕೊಳ್ಳಲು ಲ್ಯಾಬಿಗೆ ಚೀಟಿ ಕೊಟ್ಟು, ರಿಪೋರ್ಟ್ ಹಿಡಿದು ಮೊದಲು ಫಿಸಿಷಿಯನ್ ಹತ್ತಿರ ಹೋಗಿ ಎನ್ನುತ್ತೇನೆ.