ಕೈಗೆ ಬಂದ ಮಟ್ಟಿಗೆ ಹೆಸರು: ಕೇಳಿ ಕಲಿತವರು ಸಂಗೀತಶಾಸ್ತ್ರಕ್ಕೆ ಹೋಗುವ ದಾರಿ

ಪೌರಾಣಿಕ ನಾಟಕಗಳಿಗೆ ವರ್ಷಗಟ್ಟಲೆ ಹಾರ್ಮೋನಿಯಂ ನುಡಿಸಿದವರು, ಭಜನೆ ಮಂಡಳಿಯಲ್ಲಿ ಕೀಬೋರ್ಡ್ ಹಿಡಿದವರು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಒಮ್ಮೆ ಕಿವಿಗೆ ಬಿದ್ದ ಮಟ್ಟು ಇವರ ಕೈಗೆ ಬಂದುಬಿಡುತ್ತದೆ. ಯಾವ ರಾಗ, ಯಾವ ತಾಳ ಎಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ. ಶಾಸ್ತ್ರ ಕಲಿಯೋಣವೆಂದು ಕೂತಾಗ ಹೆಚ್ಚಿನವರು ಪುಸ್ತಕದ ಮೊದಲ ಪುಟದಿಂದ ಶುರುಮಾಡುತ್ತಾರೆ. ಇಪ್ಪತ್ತೆರಡು ಶ್ರುತಿ, ಮೂವತ್ತೈದು ತಾಳ, ಎಪ್ಪತ್ತೆರಡು ಮೇಳ ಎಂದು ಓದುತ್ತಾ ಹೋಗಿ ಹದಿನೈದು ದಿನಕ್ಕೆ ಪುಸ್ತಕ ಅಟ್ಟ ಸೇರುತ್ತದೆ. ನಿಮಗೆ ವಿಷಯ ಗೊತ್ತಿದೆ, ಅದರ ಹೆಸರು ಗೊತ್ತಿಲ್ಲ. ಹಾಗಾಗಿ ಕೈಯಿಂದ ಹೊರಟು ಹೆಸರಿಗೆ ಬನ್ನಿ.

ಷಡ್ಜ ಎಲ್ಲಿದೆ?

ಮೊದಲ ವಾರ ಷಡ್ಜ, ಅಂದರೆ ಸ ಸ್ವರ, ಹುಡುಕುವುದೊಂದೇ ಕೆಲಸ. ಶ್ರುತಿ ಪೆಟ್ಟಿಗೆಯನ್ನೋ ಫೋನಿನ ತಂಬೂರಿಯನ್ನೋ ಹಾಕಿಕೊಂಡು, ಚೆನ್ನಾಗಿ ಬರುವ ಒಂದು ಹಾಡು ನುಡಿಸಿ. ಹಾಡು ಎಲ್ಲಿ ಬಂದು ನಿಂತರೆ ಮುಗಿಯಿತು ಅನ್ನಿಸುತ್ತದೋ ಬಹುಪಾಲು ಅದೇ ಷಡ್ಜ. ಆ ಮನೆಗೆ, ಅಂದರೆ ಆ ಕೀಲಿಗೆ, ಶ್ರುತಿ ಹೊಂದಿಸಿ ಇನ್ನೊಮ್ಮೆ ನುಡಿಸಿ, ಎಲ್ಲವೂ ಕೂಡಿಕೊಂಡರೆ ಸರಿ.

ಬಿಳಿ ಮನೆಗಳನ್ನು ಒಂದರಿಂದ ಏಳು ಎಂದು, ನಡುವಿನ ಕಪ್ಪು ಮನೆಗಳನ್ನು ಒಂದೂವರೆ, ಎರಡೂವರೆ, ನಾಲ್ಕೂವರೆ, ಐದೂವರೆ, ಆರೂವರೆ ಎಂದು ಎಣಿಸುತ್ತಾರೆ. ಷಡ್ಜದ ಮೇಲೆ ಕಣ್ಣಿಟ್ಟವರಿಗೆ ಕಪ್ಪು, ಬಿಳಿ ಎರಡೂ ಒಂದೇ. ಬೆರಳಿನ ಜಾಗ ನೆನಪಿಟ್ಟು ಕಲಿತವರಿಗೆ ಹಾಡುವವರು ಒಂದೂವರೆಯಿಂದ ಎರಡು ಮನೆಗೆ ಶ್ರುತಿ ಏರಿಸಿದರೆ ಕೈ ನಿಂತುಹೋಗುತ್ತದೆ. ಅದಕ್ಕೆ ಆ ಒಂದೇ ಹಾಡನ್ನು ಒಂದು, ಎರಡು, ನಾಲ್ಕೂವರೆ, ಐದು ಈ ನಾಲ್ಕು ಶ್ರುತಿಗಳಲ್ಲಿ ನುಡಿಸಿ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿ ಈ ವಾರ ಮುಟ್ಟಬೇಡಿ. ಅದು ಕಛೇರಿಗೆ ಒಳ್ಳೆಯದು, ಕಲಿಯುವಾಗ ಕೆಡುಕು.

ಐದು ಕಪ್ಪು ಮನೆ, ಐದು ರಾಗ

ಇದು ನಿಧಾನವಾಗಿ ಮಾಡಬೇಕಾದ ಪಾಠ. ಬರೀ ಕಪ್ಪು ಮನೆಗಳನ್ನು ನುಡಿಸಿ, ಶ್ರುತಿಯನ್ನು ಮಾತ್ರ ಬದಲಿಸುತ್ತಾ ಹೋಗಿ. ನಾಲ್ಕೂವರೆಯಲ್ಲಿ ಷಡ್ಜ ಇಟ್ಟರೆ ಮೋಹನ. ಅವೇ ಮನೆಗಳು, ಐದೂವರೆ ಷಡ್ಜವಾದರೆ ಮಧ್ಯಮಾವತಿ. ಆರೂವರೆಯಿಂದ ಹಿಂದೋಳ, ಒಂದೂವರೆಯಿಂದ ಶುದ್ಧ ಸಾವೇರಿ, ಎರಡೂವರೆಯಿಂದ ಶುದ್ಧ ಧನ್ಯಾಸಿ. ಒಂದು ಮನೆಯೂ ಬದಲಾಗಲಿಲ್ಲ, ರಾಗ ಐದು ಸಲ ಬದಲಾಯಿತು. ಶಾಸ್ತ್ರದಲ್ಲಿ ಇದಕ್ಕೆ ಗ್ರಹಭೇದ ಎನ್ನುತ್ತಾರೆ. ಪ್ರತಿಯೊಂದನ್ನೂ ಹತ್ತು ನಿಮಿಷ, ಶ್ರುತಿ ಜೊತೆಗೇ ನುಡಿಸಿ. ಶ್ರುತಿ ಇಲ್ಲದೆ ಮಾಡಿದರೆ ಐದೂ ಮೋಹನದಂತೆಯೇ ಕೇಳಿ ಪಾಠ ದಂಡವಾಗುತ್ತದೆ.

ಈಗ ಮನೆಗಳಿಗೆ ಹೆಸರು. ಷಡ್ಜವನ್ನು ಸೊನ್ನೆ ಎಂದಿಟ್ಟು ಕಪ್ಪು ಬಿಳಿ ಎಲ್ಲ ಸೇರಿಸಿ ಎಣಿಸಿ. 1 ಶುದ್ಧ ರಿಷಭ, 2 ಚತುಶ್ರುತಿ ರಿಷಭ, 3 ಸಾಧಾರಣ ಗಾಂಧಾರ, 4 ಅಂತರ ಗಾಂಧಾರ, 5 ಶುದ್ಧ ಮಧ್ಯಮ, 6 ಪ್ರತಿ ಮಧ್ಯಮ, 7 ಪಂಚಮ, 8 ಶುದ್ಧ ಧೈವತ, 9 ಚತುಶ್ರುತಿ ಧೈವತ, 10 ಕೈಶಿಕಿ ನಿಷಾದ, 11 ಕಾಕಲಿ ನಿಷಾದ. ಮನೆ ಹನ್ನೆರಡು, ಹೆಸರು ಹದಿನಾರು. ನಾಲ್ಕು ಮನೆಗಳಿಗೆ ಎರಡೆರಡು ಹೆಸರಿವೆ: 2ನೆಯದು ಶುದ್ಧ ಗಾಂಧಾರವೂ ಹೌದು, 3 ಷಟ್‌ಶ್ರುತಿ ರಿಷಭ, 9 ಶುದ್ಧ ನಿಷಾದ, 10 ಷಟ್‌ಶ್ರುತಿ ಧೈವತ. ಈ ನಾಲ್ಕು ಹೆಸರು ಮೇಳಗಳ ಲೆಕ್ಕ ಬರುವವರೆಗೆ ಹಾಗೇ ಇರಲಿ.

ನಾಟಕದ ಹಾದಿಯಲ್ಲಿ ಬಂದವರು ಇಲ್ಲೊಂದು ಗುಂಡಿಗೆ ಬೀಳುತ್ತಾರೆ. ರಂಗಗೀತೆಗಳಲ್ಲಿ ಹಿಂದೂಸ್ತಾನಿ ಹೆಸರುಗಳು ಧಾರಾಳವಾಗಿ ಬಳಕೆಯಲ್ಲಿವೆ. ಹಿಂದೂಸ್ತಾನಿಯ ಶುದ್ಧ ರಿಷಭ 2ನೆಯ ಮನೆ, ಕರ್ನಾಟಕ ಪದ್ಧತಿಯ ಶುದ್ಧ ರಿಷಭ 1ನೆಯ ಮನೆ. ರಾಗಗಳಲ್ಲೂ ಹೀಗೇ. ಭೂಪ್ ಎಂದರೆ ನಮ್ಮ ಮೋಹನದ ಸ್ವರಗಳು, ಯಮನ್ ಎಂದರೆ ಕಲ್ಯಾಣಿ, ಮಾಲ್‌ಕೌಂಸ್ ಎಂದರೆ ಹಿಂದೋಳ. ಆದರೆ ಹಿಂದೂಸ್ತಾನಿ ಭೈರವಿಯ ಸ್ವರಗಳು ನಮ್ಮ ತೋಡಿಯವು, ನಮ್ಮ ಭೈರವಿಯೇ ಬೇರೆ. ನೋಟ್‌ಬುಕ್ಕಿನಲ್ಲಿ ರಾಗದ ಹೆಸರಿನ ಪಕ್ಕ ಯಾವ ಪದ್ಧತಿ ಎಂದೂ ಬರೆಯಿರಿ.

ಐದು ಹಾಡು, ಒಂದು ನೋಟ್‌ಬುಕ್

ನಿಮಗೆ ಬರುವ ಐದು ಹಾಡು ಆರಿಸಿ. ಕೈವಾರ ತಾತಯ್ಯನವರ ಒಂದು ಕೀರ್ತನೆ, ಮುಳಬಾಗಿಲಿನ ಶ್ರೀಪಾದರಾಜರ ಒಂದು ದೇವರನಾಮ, ನಾಟಕದ ಎರಡು ಹಾಡು, ಒಂದು ಕಂದಪದ್ಯ ಆಗಬಹುದು. ಕಂದಕ್ಕೆ ತಾಳದ ಕಟ್ಟಿಲ್ಲ, ಎಳೆದು ಹಾಡುತ್ತಾರೆ, ಹಾಗಾಗಿ ರಾಗ ಬಿಚ್ಚಿಕೊಂಡು ಕೇಳುತ್ತದೆ. ಸಿನಿಮಾ ಹಾಡು ಸದ್ಯ ಬೇಡ, ಅವುಗಳಲ್ಲಿ ರಾಗದ ಹೊರಗಿನ ಸ್ವರ ಆಗಾಗ ಬರುತ್ತವೆ.

ಒಂದೊಂದು ಸಾಲಿನ ಸ್ವರ ಬರೆದು, ಬಾಯಲ್ಲಿ ಸ್ವರ ಹೇಳುತ್ತಾ ನುಡಿಸಿ. ಬಾಯಿ ತಡವರಿಸಿದ ಕಡೆ ಕೈ ನಿಲ್ಲಬೇಕು. ಐದು ಹಾಡು ಮುಗಿಯಲು ತಿಂಗಳು ಹಿಡಿಯಬಹುದು, ಹಿಡಿಯಲಿ. ಆಮೇಲೆ ಏರುವಾಗ ಬಂದ ಸ್ವರಗಳನ್ನೂ ಇಳಿಯುವಾಗ ಬಂದ ಸ್ವರಗಳನ್ನೂ ಬೇರೆ ಬೇರೆ ಪಟ್ಟಿ ಮಾಡಿ. ಆರೋಹಣ, ಅವರೋಹಣಕ್ಕೆ ಸುಳಿವು ಅದರಲ್ಲೇ ಇದೆ. ದೇವರನಾಮದ ರಾಗವನ್ನು ಮಾತ್ರ ಸಾಹಿತ್ಯ ನೋಡಿ ಹೇಳಬೇಡಿ. ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ. ರಾಗ ಇರುವುದು ನೀವು ನುಡಿಸುವ ಮಟ್ಟಿನಲ್ಲಿ.

ಮೇಳದ ಲೆಕ್ಕ

ಮೇಳ ಎಂದರೆ ಏಳೂ ಸ್ವರಗಳಿರುವ ತಾಯಿರಾಗ. ಎಪ್ಪತ್ತೆರಡನ್ನೂ ಬಾಯಿಪಾಠ ಮಾಡಬೇಕಿಲ್ಲ. ಮೊದಲ 36ಕ್ಕೆ ಶುದ್ಧ ಮಧ್ಯಮ, ಉಳಿದ 36ಕ್ಕೆ ಪ್ರತಿ ಮಧ್ಯಮ. ಆರಾರು ಮೇಳಕ್ಕೆ ಒಂದು ಚಕ್ರ. ರಿಷಭ ಗಾಂಧಾರಗಳ ಮನೆಗಳನ್ನು ಚಕ್ರ ಹೇಳುತ್ತದೆ, ಕ್ರಮವಾಗಿ 1-2, 1-3, 1-4, 2-3, 2-4, 3-4. ಚಕ್ರದೊಳಗಿನ ಸ್ಥಾನ ಧೈವತ ನಿಷಾದ ಹೇಳುತ್ತದೆ: 8-9, 8-10, 8-11, 9-10, 9-11, 10-11. ಮಾಯಾಮಾಳವಗೌಳ 15ನೆಯದು. ಅಂದರೆ ಮೂರನೆಯ ಚಕ್ರದ ಮೂರನೆಯದು, ಮನೆಗಳು 1, 4, 5, 7, 8, 11. ನುಡಿಸಿ ನೋಡಿ, ಆರಂಭದ ಪಾಠವಾದ ಸರಳಿ ವರಸೆ ಹೇಳಿಕೊಡುವುದು ಇದರಲ್ಲೇ.

ಸಂಖ್ಯೆ ಹೆಸರಿನಲ್ಲೇ ಅಡಗಿದೆ. ವರ್ಣಮಾಲೆಯಲ್ಲಿ ಕ, ಟ, ಪ, ಯ ಪ್ರತಿಯೊಂದರಿಂದಲೂ ಒಂದು ಎಂದು ಹೊಸದಾಗಿ ಎಣಿಸಿ. ಞ, ನ ಸೊನ್ನೆ. ಮೊದಲ ಎರಡು ಅಕ್ಷರದ ಅಂಕಿಗಳನ್ನು ತಿರುವಿ. ಮಾಯಾ: ಮ 5, ಯ 1, ತಿರುವಿದರೆ 15. ಖರಹರಪ್ರಿಯ: ಖ 2, ರ 2, ಹಾಗಾಗಿ 22. ಮೇಚಕಲ್ಯಾಣಿ: ಮ 5, ಚ 6, ತಿರುವಿದರೆ 65.

ಇಷ್ಟಾದ ಮೇಲೆ ರಾಗ ಎಂದರೆ ಮನೆಗಳ ಪಟ್ಟಿ ಎಂಬ ಭ್ರಮೆ ಬರುತ್ತದೆ. ಆರಭಿ, ದೇವಗಾಂಧಾರಿ ಎರಡಕ್ಕೂ ಆರೋಹಣ ಅವರೋಹಣ ಒಂದೇ, ಆದರೆ ಕೇಳಿದವರು ಎಂದೂ ಒಂದೆನ್ನುವುದಿಲ್ಲ. ನಡೆ, ಗಮಕ (ಸ್ವರದ ತೂಗಾಟ), ಎಲ್ಲಿ ನಿಲ್ಲುತ್ತದೆ ಎಂಬುದೇ ರಾಗದ ಜೀವ. ಹಾರ್ಮೋನಿಯಂ ಮನೆಯಿಂದ ಮನೆಗೆ ಜಿಗಿಯುತ್ತದೆ, ತೋಡಿಯ ಗಾಂಧಾರದ ತೂಗಾಟ ಅದರಲ್ಲಿ ಬರುವುದಿಲ್ಲ. ಅಂತರ ಗಾಂಧಾರವೂ ತಂಬೂರಿಯಲ್ಲಿ ತಾನಾಗಿ ಮೂಡುವುದಕ್ಕಿಂತ ತುಸು ಏರಿರುತ್ತದೆ. ಪಕ್ಕಪಕ್ಕದ ಎರಡು ಮನೆಗಳ ಅಂತರ 100 ಸೆಂಟ್ ಎಂದರೆ, ಈ ಏರು ಸುಮಾರು 14 ಸೆಂಟ್. ಅದಕ್ಕೆ ನುಡಿಸಿದ್ದನ್ನೆಲ್ಲ ಕಂಠದಲ್ಲೂ ಹಾಡಿ, ದೇವಸ್ಥಾನದಲ್ಲಿ ನಾಗಸ್ವರ ಊದುವಾಗ ಹತ್ತಿರ ನಿಂತು ಕೇಳಿ.

ತಾಳ

ಕೇಳಿ ಕಲಿತವರ ಲಯ ಸಾಮಾನ್ಯವಾಗಿ ಗಟ್ಟಿ, ಎಣಿಕೆ ಮಾತ್ರ ಸಡಿಲ. ಆದಿತಾಳ 4+2+2, ಎಂಟು ಎಣಿಕೆ. ಮಿಶ್ರಛಾಪು 3+2+2, ಖಂಡಛಾಪು 2+3. ಮೆಟ್ರೋನೋಮ್ 60ಕ್ಕೆ ಇಟ್ಟು ಆದಿತಾಳ ಹಾಕುತ್ತಾ, ಎಣಿಕೆಗೆ ಒಂದು, ಎರಡು, ನಾಲ್ಕು ಸ್ವರದಂತೆ ಸರಳಿ ವರಸೆ ಹೇಳಿ. ಎರಡನೆಯ ಕಾಲದಿಂದ (ವೇಗದಿಂದ) ಮೂರಕ್ಕೆ ಹೋಗುವಾಗ ಕೈ ಓಡಿದರೆ 50ಕ್ಕೆ ಇಳಿಸಿ.

ನಿಜವಾದ ಕಷ್ಟ ಎಡುಪಿನದು, ಅಂದರೆ ಹಾಡು ತಾಳದಲ್ಲಿ ಹಿಡಿಯುವ ಜಾಗದ್ದು. ಎಷ್ಟೋ ಹಾಡುಗಳು ಮೊದಲ ಪೆಟ್ಟಿಗೆ ಶುರುವಾಗುವುದಿಲ್ಲ, ಅರ್ಧ ಎಣಿಕೆಯೋ ಒಂದೂವರೆಯೋ ಬಿಟ್ಟು ಹಿಡಿಯುತ್ತವೆ. ಹೊರಗಿನ ಮೃದಂಗದವರು ಬಂದಾಗ ಭಜನೆಯವರು ತಪ್ಪುವುದು ಇಲ್ಲೇ. ನಿಮ್ಮ ಐದು ಹಾಡಿಗೂ ಬಾಜಾ ಬಿಟ್ಟು ಬರೀ ಕೈಯಲ್ಲಿ ತಾಳ ಹಾಕಿ, ಪಲ್ಲವಿಯ ಮೊದಲ ಅಕ್ಷರ ಎಷ್ಟನೆಯ ಎಣಿಕೆಗೆ ಬೀಳುತ್ತದೆಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ.

ಇಷ್ಟು ಬರೆದುಕೊಂಡ ಮೇಲೆ ವಿದ್ವಾಂಸರೊಬ್ಬರ ಬಳಿ ಹೋಗಿ. ಶಾಸ್ತ್ರ ಹೇಳಿಕೊಡಿ ಎಂದು ಕೇಳಿದರೆ ಅವರಿಗೂ ಎಲ್ಲಿಂದ ಹಿಡಿಯಬೇಕೆಂದು ತಿಳಿಯುವುದಿಲ್ಲ. ನೋಟ್‌ಬುಕ್ ತೆರೆದು, ‘ಇದು ಮಧ್ಯಮಾವತಿ ಅಂದುಕೊಂಡಿದ್ದೇನೆ ಗುರುಗಳೇ, ಅದರಲ್ಲಿಲ್ಲದ ಗಾಂಧಾರ ಈ ಸಾಲಿನಲ್ಲಿ ಯಾಕೆ ಬಂತು?’ ಎಂದು ಕೇಳಿ.