ಮನೆಯಲ್ಲಿ ಸೌನಾ: ಆರಿಸುವಾಗ ನೋಡಬೇಕಾದ್ದು, ಒಳಗೆ ಕೂತಾಗ ಮರೆಯಬಾರದ್ದು

ಸೌನಾ ಎಂದರೆ ಬಿಸಿಯಲ್ಲಿ ಕೂತು ಬೆವರಲೆಂದೇ ಮಾಡಿದ ಚಿಕ್ಕ ಕೋಣೆ. ಅದನ್ನು ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಮರದ ಬಣ್ಣ, ಗಾಜಿನ ಬಾಗಿಲು, ಒಳಗಿನ ದೀಪಗಳ ಮೇಲೆ. ಅವೆಲ್ಲ ಆಮೇಲಿನ ಮಾತು. ಸೌನಾ ಹಿತವಾಗಿರುತ್ತದೋ ಇಲ್ಲವೋ, ಅದರಲ್ಲಿ ಧೈರ್ಯವಾಗಿ ಕೂರಬಹುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮೂರು ಸಂಗತಿ: ಕೋಣೆಗೆ ತಕ್ಕ ಹೀಟರ್, ಗಾಳಿ ಬಂದುಹೋಗುವ ದಾರಿ, ಹೀಟರಿಗೆ ಹೋಗುವ ವಿದ್ಯುತ್ ಲೈನ್. ಖರ್ಚು ಇಳಿಸಬೇಕೆಂದಿದ್ದರೆ ಅಲಂಕಾರದಲ್ಲಿ ಇಳಿಸಿ, ಈ ಮೂರರಲ್ಲಿ ಬೇಡ.

ಯಾವ ಬಗೆಯದು

ಫಿನ್ಲೆಂಡ್ ಮಾದರಿಯ ಸೌನಾದಲ್ಲಿ ಹೀಟರಿನ ಮೇಲೆ ಕಲ್ಲು ಪೇರಿಸಿರುತ್ತಾರೆ. ಗಾಳಿ 70ರಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ತೇವಾಂಶ ಸುಮಾರು ಶೇ. 10–20 ಮಾತ್ರ. ಕಲ್ಲಿನ ಮೇಲೆ ನೀರು ಹಾಕಿದಾಗ ಹಬೆ ಎದ್ದು ಸ್ವಲ್ಪ ಹೊತ್ತು ಮೈಗೆ ಬಿಸಿ ಜೋರಾಗಿ ತಟ್ಟುತ್ತದೆ. ಇನ್‌ಫ್ರಾರೆಡ್ ಕ್ಯಾಬಿನ್ ಬೇರೆಯೇ ಯಂತ್ರ. ಅದರ ಫಲಕಗಳು ಗಾಳಿಗಿಂತ ಹೆಚ್ಚಾಗಿ ನೇರವಾಗಿ ಮೈಯನ್ನು ಕಾಯಿಸುತ್ತವೆ. ಒಳಗೆ 45–60 ಡಿಗ್ರಿ ಇದ್ದರೂ ಚೆನ್ನಾಗಿ ಬೆವರುತ್ತದೆ. ಅದರಲ್ಲಿ ನೀರು ಎರಚುವ ಹಾಗಿಲ್ಲ. ಸ್ಟೀಮ್ ರೂಮ್ 40–50 ಡಿಗ್ರಿಯ, ಪೂರ್ತಿ ಹಬೆ ತುಂಬಿದ ಕೋಣೆ. ಅದಕ್ಕೆ ನೀರು ಇಳಿಯದ ಗೋಡೆ, ಟೈಲ್ಸ್ ಬೇಕು. ಮರದ ಸೌನಾವನ್ನು ಸ್ಟೀಮ್ ರೂಮಿನಂತೆ ಬಳಸಿದರೆ ಮರ ಕೊಳೆಯುತ್ತದೆ.

ಆರೋಗ್ಯದ ಲೆಕ್ಕದಲ್ಲಿ ಇವನ್ನು ಒಂದೇ ಎಂದು ನೋಡಬಾರದು. ಸೌನಾ ಹೃದಯಕ್ಕೆ ಒಳ್ಳೆಯದು ಎನ್ನುವವರು ಹೆಚ್ಚಾಗಿ ಆಧರಿಸುವುದು ಪೂರ್ವ ಫಿನ್ಲೆಂಡಿನ ಕುವೋಪಿಯೊ ಪ್ರದೇಶದ ಅಧ್ಯಯನವನ್ನು. 2015ರಲ್ಲಿ ಪ್ರಕಟವಾದ ಅದರಲ್ಲಿ 2,315 ಮಧ್ಯವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ್ದರು. ವಾರಕ್ಕೆ 4ರಿಂದ 7 ಸಲ ಸೌನಾಕ್ಕೆ ಹೋಗುತ್ತಿದ್ದವರಲ್ಲಿ ಹಠಾತ್ ಹೃದಯ ಸಾವಿನ ಪ್ರಮಾಣ ವಾರಕ್ಕೆ ಒಂದೇ ಸಲ ಹೋಗುವವರಿಗಿಂತ ಶೇ. 63ರಷ್ಟು ಕಡಿಮೆಯಿತ್ತು. ದೊಡ್ಡ ಅಂಕಿಯೇ. ಆದರೆ ಇದು ಗಮನಿಸಿ ಬರೆದುಕೊಂಡ ಅಧ್ಯಯನ. ಮೊದಲೇ ಆರೋಗ್ಯವಾಗಿರುವವರು ಹೆಚ್ಚು ಸಲ ಸೌನಾಕ್ಕೆ ಹೋಗುತ್ತಿದ್ದಿರಬಹುದು ಎಂಬ ಸಾಧ್ಯತೆಯನ್ನು ಅದು ಪೂರ್ತಿ ಅಳಿಸಲಾರದು. ಜೊತೆಗೆ ಅದು 80 ಡಿಗ್ರಿ ಆಸುಪಾಸಿನ ಸಾಂಪ್ರದಾಯಿಕ ಸೌನಾದ್ದು. ಅದೇ ಅಂಕಿಯನ್ನು ಇನ್‌ಫ್ರಾರೆಡ್ ಕ್ಯಾಬಿನ್‌ನ ಜಾಹೀರಾತಿಗೆ ಅಂಟಿಸಿದ್ದರೆ ನಂಬಬೇಡಿ. ಇನ್‌ಫ್ರಾರೆಡ್‌ಗೆ ಅದರದೇ ಸಂಶೋಧನೆಗಳಿವೆ: ಜಪಾನಿನ ವಾಓನ್ ಚಿಕಿತ್ಸೆಯಲ್ಲಿ ಹೃದ್ರೋಗಿಗಳನ್ನು 60 ಡಿಗ್ರಿಯಲ್ಲಿ 15 ನಿಮಿಷ ಕೂರಿಸಿ, ಆಮೇಲೆ ಅರ್ಧ ಗಂಟೆ ಕಂಬಳಿ ಹೊದಿಸಿ ಮಲಗಿಸುತ್ತಾರೆ. ಅದು ನಡೆಯುವುದು ವೈದ್ಯರ ಕಣ್ಣೆದುರು.

“ಬೆವರಿನ ಜೊತೆ ದೇಹದ ವಿಷವೆಲ್ಲ ಹೋಗುತ್ತದೆ” ಎಂಬ ಮಾತಿಗೆ ದುಡ್ಡು ಕೊಡಬೇಡಿ. ಬೆವರೆಂದರೆ ಬಹುತೇಕ ನೀರು ಮತ್ತು ಉಪ್ಪು. ಕಲ್ಮಶ ಹೊರಹಾಕುವ ಕೆಲಸ ಲಿವರ್ ಮತ್ತು ಮೂತ್ರಪಿಂಡಗಳದ್ದು. ಸೌನಾದಿಂದ ಹೊರಬಂದಾಗ ಇಳಿದಿರುವ ಅರ್ಧ ಕಿಲೋ ತೂಕವೂ ನೀರೇ, ಕುಡಿದರೆ ಮರಳಿ ಬರುತ್ತದೆ. ಸ್ನಾಯುಗಳು ಸಡಿಲವಾಗುವುದು, ರಕ್ತನಾಳಗಳು ಹಿಗ್ಗುವುದು, ಮನಸ್ಸು ಹಗುರಾಗುವುದು ನಿಜ. ಸೌನಾ ಬೇಕೆನ್ನಲು ಅಷ್ಟು ಸಾಕು.

ಕೋಣೆಯ ಅಳತೆ, ಹೀಟರಿನ ಲೆಕ್ಕ

ಸಾಮಾನ್ಯ ಲೆಕ್ಕ ಒಂದು ಘನ ಮೀಟರಿಗೆ ಒಂದು ಕಿಲೋವಾಟ್. ಆದರೆ ಗಾಜು, ಟೈಲ್ಸ್, ಇಟ್ಟಿಗೆಯಂಥ ಉಷ್ಣ ನಿರೋಧಕವಿಲ್ಲದ ಮೈಗಳು ಶಾಖವನ್ನು ಹೀರುತ್ತವೆ. ಅಂಥ ಪ್ರತಿ ಚದರ ಮೀಟರಿಗೆ 1.2 ಘನ ಮೀಟರ್ ಸೇರಿಸಿ ಲೆಕ್ಕ ಹಾಕಬೇಕು. ಉದಾಹರಣೆಗೆ 1.8 × 1.6 ಮೀಟರ್ ನೆಲ, 2.1 ಮೀಟರ್ ಎತ್ತರ: ಸುಮಾರು 6 ಘನ ಮೀಟರ್. ಪೂರ್ತಿ ಗಾಜಿನ ಬಾಗಿಲು 0.7 × 1.9 ಮೀಟರ್ ಇದ್ದರೆ 1.33 ಚದರ ಮೀಟರ್, ಅಂದರೆ ಇನ್ನೂ 1.6 ಘನ ಮೀಟರ್. ಈಗ ಕೋಣೆ 7.6 ಘನ ಮೀಟರಿನಂತೆ ವರ್ತಿಸುತ್ತದೆ. ಬಾಗಿಲು ಮರದ್ದಾಗಿದ್ದರೆ ಸಾಕಾಗುತ್ತಿದ್ದ 6 ಕಿಲೋವಾಟ್ ಈಗ ಅಂಚಿಗೆ ಬರುತ್ತದೆ, 8 ಕಿಲೋವಾಟ್ ಸರಿಹೋಗುತ್ತದೆ. ಕೊನೆಗೆ ನೋಡಬೇಕಾದ್ದು ಆ ಹೀಟರಿನ ಕೈಪಿಡಿಯಲ್ಲಿ ಬರೆದಿರುವ ಕನಿಷ್ಠ–ಗರಿಷ್ಠ ಘನ ಅಳತೆ.

ಶಕ್ತಿ ಸಾಲದಿದ್ದರೆ ಹೀಟರ್ ಒಂದೇ ಸಮನೆ ಉರಿಯುತ್ತದೆ, ಕಾಯಿಲ್ ಬೇಗ ಸುಟ್ಟುಹೋಗುತ್ತದೆ, ಕೋಣೆ ಮಾತ್ರ ಕಾಯುವುದಿಲ್ಲ. ಹೆಚ್ಚಾದರೂ ತೊಂದರೆಯಿದೆ, ಇದನ್ನು ಗಮನಿಸುವವರು ಕಡಿಮೆ. ಗಾಳಿ ಬೇಗ ಬಿಸಿಯಾಗಿ ಥರ್ಮೋಸ್ಟಾಟ್ ಆಫ್ ಮಾಡಿಬಿಡುತ್ತದೆ. ಅಷ್ಟರಲ್ಲಿ ಕಲ್ಲು ಕಾದಿರುವುದೇ ಇಲ್ಲ. ನೀರು ಹಾಕಿದರೆ ಹಬೆಯಾಗದೆ ಕೆಳಗೆ ಸೋರುತ್ತದೆ.

ಎತ್ತರ 2.1ರಿಂದ 2.3 ಮೀಟರ್ ಇರಲಿ. ಶಾಖ ಮೇಲೇರುವುದರಿಂದ ತಲೆಯ ಬಳಿ 85 ಡಿಗ್ರಿ ಇದ್ದಾಗ ನೆಲದ ಬಳಿ ಅದರ ಅರ್ಧವೂ ಇರದಿರಬಹುದು. ಅದಕ್ಕೇ ಮೇಲಿನ ಬೆಂಚು ಚಾವಣಿಯಿಂದ 100–110 ಸೆಂ.ಮೀ. ಕೆಳಗಿರಬೇಕು, ಪಾದ ಇಡುವ ಕೆಳಬೆಂಚು ಅದಕ್ಕಿಂತ 45 ಸೆಂ.ಮೀ. ಕೆಳಗೆ. ಪಾದಗಳು ಕಲ್ಲಿನ ರಾಶಿಯ ಮೇಲ್ಮಟ್ಟಕ್ಕೆ ಸಮವಾಗಿ ಅಥವಾ ಅದಕ್ಕಿಂತ ಮೇಲಿದ್ದರೆ ಮೈಗೆಲ್ಲ ಬಿಸಿ ಸಮನಾಗಿ ತಾಗುತ್ತದೆ. ಕೂರಲು ಒಬ್ಬರಿಗೆ 60 ಸೆಂ.ಮೀ. ಅಗಲ ಬೇಕು. ‘ನಾಲ್ಕು ಜನರಿಗೆ’ ಎಂದು ಮಾರುವ ಕ್ಯಾಬಿನ್‌ಗಳಲ್ಲಿ ಬೆಂಚನ್ನು ನೀವೇ ಟೇಪಿನಿಂದ ಅಳೆದು ನೋಡಿ.

ವಿದ್ಯುತ್

230 ವೋಲ್ಟಿನಲ್ಲಿ 6 ಕಿಲೋವಾಟ್ ಹೀಟರ್ ಸುಮಾರು 26 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ಪ್ಲಗ್ ಪಾಯಿಂಟ್ ಇದನ್ನು ತಾಳುವುದಿಲ್ಲ. ಮುಖ್ಯ ಬೋರ್ಡಿನಿಂದ ಹೀಟರಿಗೆಂದೇ ಪ್ರತ್ಯೇಕ ಲೈನ್, ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. 9 ಕಿಲೋವಾಟಿನ ಹೀಟರುಗಳು ಸಾಮಾನ್ಯವಾಗಿ ತ್ರೀ ಫೇಸ್. ಆಗ ಪ್ರತಿ ಫೇಸಿಗೆ ಸುಮಾರು 13 ಆಂಪಿಯರ್. ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನದ್ದೇ. ಹೀಟರಿನ ಹತ್ತಿರ ಹೋಗುವ ತಂತಿ ಸಿಲಿಕೋನ್ ಅಥವಾ ಶಾಖ ತಡೆಯುವ ರಬ್ಬರಿನದ್ದಾಗಿರಬೇಕು. ಮಾಮೂಲಿ ಪಿವಿಸಿ ತಂತಿಯ ಹೊದಿಕೆ ಶಾಖಕ್ಕೆ ಗಟ್ಟಿಯಾಗಿ, ಬಿರಿದು, ಒಳಗಿನ ತಾಮ್ರ ಬಯಲಾಗುತ್ತದೆ. ಸೌನಾದೊಳಗೆ ಪ್ಲಗ್ ಪಾಯಿಂಟ್ ಇರಲೇಬಾರದು. ಚಿಕ್ಕ ಇನ್‌ಫ್ರಾರೆಡ್ ಕ್ಯಾಬಿನ್ 2 ಕಿಲೋವಾಟಿನೊಳಗಿದ್ದರೆ ಗೋಡೆಯ 16 ಆಂಪಿಯರ್ ಪಾಯಿಂಟಿಗೆ ನೇರವಾಗಿ ಹಾಕಬಹುದು, ಎಕ್ಸ್‌ಟೆನ್ಶನ್ ಬೋರ್ಡಿಗೆ ಮಾತ್ರ ಬೇಡ.

ಬಹಳ ದಿನ ಬಳಸದೆ ಬಿಟ್ಟ ಹೀಟರ್ ಹಾಕಿದ ಕೂಡಲೇ ವಿದ್ಯುತ್ ಸೋರಿಕೆಯಾದರೆ ಲೈನ್ ಕಡಿಯುವ ಬ್ರೇಕರ್ ಬೀಳುವುದುಂಟು. ಕಾಯಿಲ್‌ನೊಳಗಿನ ನಿರೋಧಕ ಪುಡಿ ತೇವ ಹೀರಿರುವುದು ಇದಕ್ಕೆ ಒಂದು ಕಾರಣ. ಬ್ರೇಕರ್ ತಪ್ಪಿಸಿ ನೇರ ತಂತಿ ಕೊಡುವುದು ಪ್ರಾಣಕ್ಕೆ ಅಪಾಯ. ಎಲೆಕ್ಟ್ರಿಷಿಯನ್ ಪರೀಕ್ಷಿಸಿ ಒಣಗಿಸಲಿ.

ಖರೀದಿಸುವಾಗ ಟೈಮರ್ ಮತ್ತು ಅತಿಯಾಗಿ ಕಾದರೆ ತಾನಾಗಿ ನಿಲ್ಲುವ ಕಟ್‌ಆಫ್ ಇವೆಯೇ ಕೇಳಿ. ಸೌನಾ ಹೀಟರುಗಳ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ ಐಇಸಿ 60335-2-53. ತಾಪಮಾನದ ಸೆನ್ಸರ್ ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲೇ ಇರಬೇಕು. ಅದನ್ನು ಗಾಳಿಕಿಂಡಿಯ ಪಕ್ಕ ಕೂರಿಸಿದರೆ ತಣ್ಣನೆ ಗಾಳಿ ತಾಗಿ, ಕೋಣೆ ಇನ್ನೂ ಕಾದಿಲ್ಲವೆಂದು ಹೀಟರ್ ಉರಿಯುತ್ತಲೇ ಇರುತ್ತದೆ.

ಗಾಳಿ, ಮರ, ಬಾಗಿಲು

ಉಸಿರು ಕಟ್ಟಿದಂತಾಗುವುದು, ತಲೆ ಭಾರವಾಗುವುದು ಸೌನಾದ ಗುಣ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅನೇಕ ಸಲ ಅದು ಗಾಳಿಯಾಡದ ಕೋಣೆಯ ದೋಷ. ಗಂಟೆಗೆ ಆರು ಸಲವಾದರೂ ಒಳಗಿನ ಗಾಳಿ ಬದಲಾಗಬೇಕು. ಫ್ಯಾನ್ ಇಲ್ಲದ ವ್ಯವಸ್ಥೆಯಲ್ಲಿ ಸುಮಾರು 10 ಸೆಂ.ಮೀ. ವ್ಯಾಸದ ಕಿಂಡಿ ಹೀಟರಿನ ಬಳಿ ನೆಲದ ಹತ್ತಿರ, ಹೊರಹೋಗುವ ಕಿಂಡಿ ಎದುರು ಗೋಡೆಯಲ್ಲಿ. ಫ್ಯಾನ್ ಇದ್ದರೆ ಹೊಸ ಗಾಳಿ ಹೀಟರಿನ ಮೇಲ್ಭಾಗದಲ್ಲಿ ಬಂದು ಬೆಂಚಿನ ಕೆಳಗಿಂದ ಹೊರಹೋಗಲಿ. ಬಿಸಿಯ ಜೊತೆ ಬೆರೆತು ಕೂತವರ ಮುಖಕ್ಕೆ ತಾಜಾ ಗಾಳಿ ಸಿಗುತ್ತದೆ. ಶಾಖ ಉಳಿಸಲೆಂದು ಕಿಂಡಿಗೆ ಬಟ್ಟೆ ತುರುಕಬೇಡಿ.

ಗೋಡೆ ಕಟ್ಟಿಸುವುದಾದರೆ ಹೊರಗಿನಿಂದ ಒಳಕ್ಕೆ ಕ್ರಮ ಹೀಗೆ: ಚೌಕಟ್ಟಿನ ನಡುವೆ ಮಿನರಲ್ ವೂಲ್ (ಶಾಖ ತಡೆಯುವ ಖನಿಜದ ನಾರು), ಅದರ ಮೇಲೆ ಹೊಳಪಿನ ಮೈ ಒಳಮುಖವಾಗಿರುವ ಅಲ್ಯೂಮಿನಿಯಂ ಫಾಯಿಲ್, ಪ್ರತಿ ಸಂದಿಗೂ ಫಾಯಿಲ್ ಟೇಪ್, ನಂತರ ಸುಮಾರು 2 ಸೆಂ.ಮೀ. ಖಾಲಿ ಜಾಗ, ಕೊನೆಗೆ ಮರದ ಹಲಗೆ. ಫಾಯಿಲ್‌ನಲ್ಲಿ ಒಂದು ಹರಿದ ಜಾಗ ಉಳಿದರೂ ತೇವ ಅಲ್ಲಿಂದ ನುಗ್ಗಿ ಗೋಡೆಯೊಳಗೆ ಬೂಷ್ಟು ಬರುತ್ತದೆ. ಬೆಂಚಿಗೆ ಆಸ್ಪೆನ್, ಆಲ್ಡರ್, ಅಬಾಚಿಯಂಥ ಗಂಟು, ಅಂಟು ಇಲ್ಲದ ಹಗುರ ಮರ ಒಳ್ಳೆಯದು. ಅಂಟಿರುವ ಮರ ಕಾದಾಗ ಅಂಟು ಕರಗಿ ತೊಟ್ಟಿಕ್ಕಿ ಚರ್ಮ ಸುಡುತ್ತದೆ. ಸ್ಕ್ರೂಗಳನ್ನು ಬೆಂಚಿನ ಅಡಿಯಿಂದ ಹಾಕಿಸಿ. ಪ್ಲೈವುಡ್, ಎಂಡಿಎಫ್, ವಾರ್ನಿಷ್, ಪೇಂಟ್ ಯಾವುದೂ ಒಳಗೆ ಬೇಡ, ಬಿಸಿಗೆ ಅವುಗಳ ರಾಸಾಯನಿಕ ಉಸಿರಿಗೆ ಸೇರುತ್ತದೆ.

ಬಾಗಿಲು ಹೊರಕ್ಕೆ ತೆರೆಯಬೇಕು. ಚಿಲಕ, ಬೀಗ ಇರಬಾರದು. ಒಳಗಿನಿಂದ ಮೈ ಒರಗಿಸಿದರೆ ತೆರೆದುಕೊಳ್ಳುವಂಥ ರೋಲರ್ ಅಥವಾ ಮ್ಯಾಗ್ನೆಟ್ ಕ್ಯಾಚ್ ಸಾಕು. ತಲೆಸುತ್ತಿ ಬೀಳುವವರಿಗೆ ಚಿಲಕ ಹುಡುಕುವ ಶಕ್ತಿ ಇರುವುದಿಲ್ಲ.

ಕಲ್ಲು ಮತ್ತು ಮೊದಲ ಕಾಯಿಸುವಿಕೆ

ಸೌನಾಕ್ಕೆಂದೇ ಮಾರುವ ಪೆರಿಡೋಟೈಟ್ ಅಥವಾ ಆಲಿವಿನ್ ಡಯಾಬೇಸ್ ಕಲ್ಲು ತನ್ನಿ, ಗಾತ್ರ 5–10 ಸೆಂ.ಮೀ. ಹೊಳೆಯ ಕಲ್ಲು ಬೇಡ. ಅದರ ಬಿರುಕುಗಳಲ್ಲಿ ಸೇರಿದ ನೀರು ಕಾದು ಕಲ್ಲು ಸಿಡಿಯಬಹುದು. ತೊಳೆದು ಒಣಗಿಸಿ, ದೊಡ್ಡವನ್ನು ಕೆಳಗೆ, ಚಿಕ್ಕವನ್ನು ಮೇಲೆ, ಸಡಿಲವಾಗಿ ಇಡಿ. ಬಿಗಿಯಾಗಿ ತುರುಕಿದರೆ ಗಾಳಿ ಹರಿಯದೆ ಕಾಯಿಲ್ ಬಾಗುತ್ತದೆ, ಸುಡುತ್ತದೆ. ಹಾಗೆಂದು ಕಾಯಿಲ್ ಕಾಣುವಷ್ಟು ಕಡಿಮೆಯೂ ಇರಬಾರದು, ಬೆಂಕಿಯ ಅಪಾಯ ಅಲ್ಲೇ. ಮೊದಲ ಸಲ ಯಾರೂ ಒಳಗಿಲ್ಲದಾಗ, ಬಾಗಿಲು ತೆರೆದು, ಒಂದು ಗಂಟೆ ಪೂರ್ತಿ ಶಾಖದಲ್ಲಿ ಕಾಯಿಸಿ. ಕಾಯಿಲ್ ಮೇಲಿನ ರಕ್ಷಣಾ ಲೇಪ ಸುಟ್ಟು ಹೊಗೆ ವಾಸನೆ ಬರುವುದು ಸಹಜ.

ಹೀಟರಿನ ಮೇಲೆ ಅಥವಾ ಹತ್ತಿರ ಟವಲ್, ಬಟ್ಟೆ ಒಣಹಾಕುವುದು ಸೌನಾ ಬೆಂಕಿಗಳ ಪದೇ ಪದೇ ಕಾಣುವ ಕಾರಣ. ಪ್ರತಿ ಸಲ ಸ್ವಿಚ್ ಹಾಕುವ ಮುಂಚೆ ಒಳಗೆ ಇಣುಕಿ ನೋಡಿ. ಮೊಬೈಲಿನಿಂದ ದೂರದಲ್ಲೇ ಆನ್ ಮಾಡುವ ಸೌಲಭ್ಯವಿದ್ದರೆ ಬಾಗಿಲು ತೆರೆದಿದ್ದರೆ ಹೀಟರ್ ಆನ್ ಆಗದಂತೆ ತಡೆಯುವ ಸೆನ್ಸರ್ ಇಲ್ಲದೆ ಅದನ್ನು ಬಳಸಬೇಡಿ.

ಕೂರುವ ಕ್ರಮ

ಕೋಣೆ ಕಾಯಲು 30ರಿಂದ 60 ನಿಮಿಷ ಬೇಕು. ಆ ಹೊತ್ತಿನಲ್ಲಿ ಒಂದೆರಡು ಲೋಟ ನೀರು ಕುಡಿಯಿರಿ. ಹೊಟ್ಟೆ ತುಂಬ ಉಂಡ ಕೂಡಲೇ ಹೋಗಬೇಡಿ. ಉಂಗುರ, ಸರ ತೆಗೆದಿಡಿ, ಲೋಹ ಕಾದು ಚರ್ಮ ಸುಡುತ್ತದೆ. ಸ್ನಾನ ಮಾಡಿ ಮೈ ಒರೆಸಿಕೊಂಡು, ಬೆಂಚಿನ ಮೇಲೆ ಟವಲ್ ಹಾಸಿ ಕೂರಿ.

ಹೊಸಬರಿಗೆ 60–70 ಡಿಗ್ರಿ, ಕೆಳಬೆಂಚು, 5ರಿಂದ 8 ನಿಮಿಷ. ಒಂದೆರಡು ವಾರ ಹೀಗೆ ಒಗ್ಗಿದ ಮೇಲೆ 80 ಡಿಗ್ರಿ, 10ರಿಂದ 15 ನಿಮಿಷ. ಹೃದಯದ ಬಡಿತ ನಿಮಿಷಕ್ಕೆ 100 ದಾಟುವುದು ಸಾಮಾನ್ಯ, ಚುರುಕಾಗಿ ನಡೆದಾಗ ಆಗುವಂತೆ. ನೀರು ಹಾಕುವಾಗ ಸೌಟಿನಲ್ಲಿ 100–200 ಮಿಲಿ ಮಾತ್ರ, ಹೀಟರಿನ ಮೇಲೆ ಬಗ್ಗದೆ, ಪಕ್ಕದಿಂದ ಕೈ ಚಾಚಿ. ಹಬೆ ಇಳಿದ ಮೇಲೆ ಇನ್ನೊಂದು ಸೌಟು. ಸುಗಂಧ ತೈಲವನ್ನು ನೇರವಾಗಿ ಕಲ್ಲಿಗೆ ಸುರಿದರೆ ಬೆಂಕಿ ಹತ್ತಿಕೊಳ್ಳಬಹುದು.

ಮಲಗಿದ್ದರೆ, ಹೊರಡುವ ಎರಡು ನಿಮಿಷ ಮುಂಚೆ ಎದ್ದು ಕೂತು ಕಾಲು ಕೆಳಗಿಡಿ. ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿದಿರುತ್ತದೆ. ತಟ್ಟನೆ ಎದ್ದರೆ ರಕ್ತ ಕಾಲಿಗಿಳಿದು ಕಣ್ಣು ಕತ್ತಲೆ ಬರುತ್ತದೆ, ಬೀಳುವ ದಿಕ್ಕಿನಲ್ಲೇ ಕಾದ ಹೀಟರ್ ಇರಬಹುದು. ಹೊರಗೆ 10 ನಿಮಿಷ ತಣಿಯಿರಿ. ತಣ್ಣೀರನ್ನು ಕಾಲಿನಿಂದ ಶುರುಮಾಡಿ ಮೇಲಕ್ಕೆ ಸುರಿದುಕೊಳ್ಳಿ. ಹೃದಯದ ತೊಂದರೆಯಿರುವವರು ತಣ್ಣೀರಿನಲ್ಲಿ ಮುಳುಗಬಾರದು. ಇಂಥ ಎರಡು ಮೂರು ಸುತ್ತು ಸಾಕು. ಮುಂಚೆ ಮತ್ತು ಆಮೇಲೆ ತೂಕ ನೋಡಿಕೊಂಡರೆ ಎಷ್ಟು ನೀರು ಹೋಗಿದೆಯೆಂದು ತಿಳಿಯುತ್ತದೆ. ಅರ್ಧ ಕಿಲೋ ಇಳಿದಿದ್ದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಕುಡಿಯಿರಿ.

ತಲೆಸುತ್ತು, ಓಕರಿಕೆ, ಎದೆನೋವು, ಎದೆ ಅಡ್ಡಾದಿಡ್ಡಿ ಬಡಿಯುವುದು, ಬೆವರು ಹಠಾತ್ತನೆ ನಿಲ್ಲುವುದು: ಇವುಗಳಲ್ಲಿ ಒಂದು ಕಂಡರೂ ತಕ್ಷಣ ಹೊರಬನ್ನಿ. ಎದೆನೋವು ನಿಲ್ಲದಿದ್ದರೆ, ಮಾತು ತೊದಲಿದರೆ ಆಂಬುಲೆನ್ಸ್ ಕರೆಯಿರಿ. ಯಾರು ಹೆಚ್ಚು ಹೊತ್ತು ಕೂರುತ್ತಾರೆಂಬ ಪಂದ್ಯ ಎಂದಿಗೂ ಬೇಡ. ಫಿನ್ಲೆಂಡಿನ ಹೈನೋಲಾದಲ್ಲಿ ನಡೆಯುತ್ತಿದ್ದ ವಿಶ್ವ ಸೌನಾ ಸ್ಪರ್ಧೆ 2010ರಲ್ಲಿ 110 ಡಿಗ್ರಿಯಲ್ಲಿ ಕೂತ ಸ್ಪರ್ಧಿಯೊಬ್ಬರ ಸಾವಿನೊಂದಿಗೆ ಶಾಶ್ವತವಾಗಿ ನಿಂತಿತು.

ಯಾರು ದೂರವಿರಬೇಕು

ಇತ್ತೀಚೆಗೆ ಹೃದಯಾಘಾತವಾದವರು, ಆಗಾಗ ಎದೆನೋವು ಬರುವವರು, ಮಹಾಪಧಮನಿಯ ಕವಾಟ ತೀವ್ರವಾಗಿ ಕಿರಿದಾಗಿರುವವರು, ಜ್ವರವಿರುವವರು ಹೋಗಬಾರದು. ಮದ್ಯ ಕುಡಿದು ಸೌನಾಕ್ಕೆ ಹೋಗುವುದು ಸಾವಿನವರೆಗೂ ಒಯ್ಯುತ್ತದೆ: ಬಿಪಿ ಇನ್ನಷ್ಟು ಕುಸಿಯುತ್ತದೆ, ನಿದ್ದೆ ಹತ್ತುತ್ತದೆ, ಸುಡುತ್ತಿರುವುದೂ ಗೊತ್ತಾಗುವುದಿಲ್ಲ. ಗರ್ಭಿಣಿಯರು, ಮುಖ್ಯವಾಗಿ ಮೊದಲ ಮೂರು ತಿಂಗಳಲ್ಲಿ, ವೈದ್ಯರನ್ನು ಕೇಳದೆ ಹೋಗಬಾರದು. ಮೈ ಅತಿಯಾಗಿ ಬಿಸಿಯಾದರೆ ಶಿಶುವಿನ ನರಮಂಡಲದ ಬೆಳವಣಿಗೆಗೆ ತೊಂದರೆ. ಮಗುವಿಗಾಗಿ ಪ್ರಯತ್ನಿಸುತ್ತಿರುವ ಗಂಡಸರಿಗೂ ಒಂದು ಮಾತು: ಪದೇ ಪದೇ ಬಿಸಿ ತಾಗಿದರೆ ವೀರ್ಯಾಣುಗಳ ಸಂಖ್ಯೆ ಕೆಲವು ತಿಂಗಳ ಮಟ್ಟಿಗೆ ಇಳಿಯುತ್ತದೆ.

ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಶುರುಮಾಡಿ. ಚರ್ಮಕ್ಕೆ ಅಂಟಿಸುವ ನೋವಿನ ಪ್ಯಾಚ್, ವಿಶೇಷವಾಗಿ ಫೆಂಟಾನಿಲ್ ಪ್ಯಾಚ್ ಇದ್ದರೆ ಸೌನಾ ಬೇಡವೇ ಬೇಡ; ಶಾಖಕ್ಕೆ ಔಷಧ ಒಮ್ಮೆಲೇ ರಕ್ತಕ್ಕೆ ಸೇರಿ ಉಸಿರಾಟ ನಿಲ್ಲಬಹುದು. ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ಹೋದರೆ ಅದೂ ಬೇಗ ಹೀರಿಕೊಂಡು ಸಕ್ಕರೆ ಕುಸಿಯುತ್ತದೆ. ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ದೊಡ್ಡ ಮಕ್ಕಳು ಕೆಳಬೆಂಚಿನಲ್ಲಿ, ದೊಡ್ಡವರ ಜೊತೆ, ಕೆಲವೇ ನಿಮಿಷ.

ನಿಗಾ

ಮುಗಿದ ಮೇಲೆ ಬಾಗಿಲು, ಕಿಂಡಿ ತೆರೆದಿಟ್ಟು ಕೋಣೆ ಪೂರ್ತಿ ಒಣಗಲು ಬಿಡಿ. ಬೆಂಚನ್ನು ಮೆತ್ತನೆ ಬ್ರಷ್, ಸೌಮ್ಯ ಸಾಬೂನಿನಲ್ಲಿ ಉಜ್ಜಿ, ಬ್ಲೀಚ್ ಬಳಸಬೇಡಿ. ಗಡಸು ನೀರು ಹಾಕಿದರೆ ಕಲ್ಲಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಉಪ್ಪು ನೀರು ಕಾಯಿಲನ್ನು ತಿನ್ನುತ್ತದೆ. ವರ್ಷಕ್ಕೊಮ್ಮೆಯಾದರೂ ಹೀಟರ್ ತಣ್ಣಗಿರುವಾಗ, ಬ್ರೇಕರ್ ಇಳಿಸಿ, ಕಲ್ಲುಗಳನ್ನೆಲ್ಲ ಹೊರತೆಗೆಯಿರಿ. ಪುಡಿಯಾದವನ್ನು, ಕೈಯಲ್ಲಿ ಮುರಿಯುವಂಥವನ್ನು ಎಸೆದು, ತಳದಲ್ಲಿ ಕೂತ ಚೂರುಗಳನ್ನು ಗುಡಿಸಿ, ಹೊಸ ಕಲ್ಲು ಸೇರಿಸಿ ಮತ್ತೆ ಸಡಿಲವಾಗಿ ಜೋಡಿಸಿ. ಅದೇ ಹೊತ್ತಿನಲ್ಲಿ ಕಾಯಿಲ್ ಬಾಗಿದೆಯೇ, ಹೀಟರಿನ ಸುತ್ತಲಿನ ಹಲಗೆ ಕಪ್ಪಾಗಿದೆಯೇ ನೋಡಿ. ಮರ ಕಪ್ಪಾಗುತ್ತಿದ್ದರೆ ಕೈಪಿಡಿಯಲ್ಲಿ ಹೇಳಿದ ಅಂತರ ಬಿಟ್ಟಿಲ್ಲವೆಂದೇ ಅರ್ಥ. ಅದನ್ನು ಸರಿಪಡಿಸುವವರೆಗೆ ಹೀಟರ್ ಹಾಕಬೇಡಿ.