ವಿಂಡೋಸ್ ಹಾಕುವ ಮೊದಲು ರ‍್ಯಾಮ್ ನೋಡಿ: ನನ್ನ ಅನುಭವ

ಕುಶಾಲನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಸುಂಟಿಕೊಪ್ಪ, ಮಡಿಕೇರಿ, ಸೋಮವಾರಪೇಟೆ ಕಡೆಯ ತೋಟದ ಆಫೀಸುಗಳ ಡೆಸ್ಕ್‌ಟಾಪ್‌ಗಳೇ ನನ್ನಲ್ಲಿಗೆ ಜಾಸ್ತಿ ಬರುತ್ತವೆ. ಮಳೆ ಹಿಡಿಯಿತು ಅಂದರೆ ಫೋನಿನಲ್ಲಿ ಒಂದೇ ಮಾತು: "ಅಣ್ಣ, ನೀಲಿ ಸ್ಕ್ರೀನ್ ಬಂದು ಆಫ್ ಆಗ್ತಿದೆ. ವಿಂಡೋಸ್ ಹಾಕಿ ಕೊಡಿ."

ನಾನು ವಿಂಡೋಸ್‌ಗೆ ಕೈ ಹಾಕುವುದಿಲ್ಲ. ಮೊದಲು ರ‍್ಯಾಮ್ ನೋಡುತ್ತೇನೆ. ಕೆಲಸ ನಡೆಯುವಾಗ ಕಂಪ್ಯೂಟರ್ ಡೇಟಾ ಇಟ್ಟುಕೊಳ್ಳುವ ತಾತ್ಕಾಲಿಕ ಮೆಮೊರಿ ಅದು. ರ‍್ಯಾಮ್ ಕೆಟ್ಟಿರುವಾಗ ವಿಂಡೋಸ್ ಹಾಕುವುದು ತಳ ತೂತಾದ ಕೊಡಕ್ಕೆ ನೀರು ತುಂಬಿದ ಹಾಗೆ. ಇನ್‌ಸ್ಟಾಲ್ ಆಗುವ ಫೈಲುಗಳೆಲ್ಲ ರ‍್ಯಾಮ್ ಮೂಲಕವೇ ಡಿಸ್ಕಿಗೆ ಹೋಗಬೇಕು ಅಲ್ವಾ? ದಾರಿಯಲ್ಲೇ ಕೆಟ್ಟರೆ ಹೊಸ ವಿಂಡೋಸ್ ಕೂಡ ಕೆಟ್ಟದ್ದೇ.

ಒಂದು ಕಾಫಿ ತೋಟದ ಸಿಸ್ಟಮ್ ವಿಷಯ ಹೇಳುತ್ತೇನೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಜೋರು ಮಳೆಯಲ್ಲಿ ತೋಟದ ರೈಟರ್ (ಲೆಕ್ಕ ಬರೆಯುವವರು) ಜೀಪಿನಲ್ಲಿ ತಂದಿಳಿಸಿದರು. ಒಳಗೆ 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್. ಬೇರೆ ಕಡೆ ಆಗಲೇ ವಿಂಡೋಸ್ ಬದಲಾಯಿಸಿದ್ದರು, ಗುಣವಾಗಿರಲಿಲ್ಲ. ನೀಲಿ ಸ್ಕ್ರೀನ್ ಮೇಲೆ ಒಂದು ದಿನ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಬರುತ್ತಿತ್ತು, ಮತ್ತೊಂದು ದಿನ ಪೇಜ್ ಫಾಲ್ಟ್, ಇನ್ನೊಂದು ದಿನ ಏನೋ ಡ್ರೈವರ್ ಹೆಸರು. ಹೀಗೆ ಪ್ರತಿ ಸಲ ಬೇರೆ ಬೇರೆ ಕಾರಣ ತೋರಿಸಿದರೆ ನನ್ನ ಅನುಮಾನ ರ‍್ಯಾಮ್ ಮೇಲೆ ಹೋಗುತ್ತದೆ. ಕೆಟ್ಟ ಜಾಗ ಒಂದೇ ಇರುತ್ತದೆ. ಆ ಹೊತ್ತಿಗೆ ಯಾವ ಪ್ರೋಗ್ರಾಂ ಅಲ್ಲಿ ಬಂದು ಕೂತಿದೆಯೋ ಅದು ಬೀಳುತ್ತದೆ, ದೂರು ಅದರ ಹೆಸರಿನಲ್ಲಿ ಬರುತ್ತದೆ.

ರೈಟರ್ ಹೇಳಿದ ಇನ್ನೊಂದು ಮಾತು ನನಗೆ ಜಾಸ್ತಿ ಮುಖ್ಯ ಅನ್ನಿಸಿತು. "ದಿನಾ ಬ್ಯಾಕಪ್ ತೆಗೀತೀನಿ ಅಣ್ಣ. ತಿರುಗಿ ತೆರೆದ್ರೆ ಫೈಲ್ ಕೆಟ್ಟಿದೆ ಅನ್ನುತ್ತೆ. ಬಟವಾಡೆ ಲೆಕ್ಕ ಪೂರ್ತಿ ಅದರಲ್ಲೇ ಇದೆ." ಜಿಪ್ ಫೈಲ್ ತೆರೆಯದಿರುವುದು, ಕಾಪಿ ಮಾಡಿದ ಫೋಟೋದಲ್ಲಿ ಅಡ್ಡ ಗೆರೆ ಬರುವುದು, ಇವು ನೀಲಿ ಸ್ಕ್ರೀನ್‌ಗಿಂತ ಅಪಾಯದ ಲಕ್ಷಣ. ನೀಲಿ ಸ್ಕ್ರೀನ್ ಕಣ್ಣಿಗೆ ಕಾಣುತ್ತದೆ. ಲೆಕ್ಕದಲ್ಲಿ ಒಂದು ಅಂಕಿ ಬದಲಾದರೆ ಯಾರಿಗೂ ಗೊತ್ತಾಗುವುದಿಲ್ಲ. ಕೂಲಿಯವರ ದುಡ್ಡಿನ ಲೆಕ್ಕ ಅದು. ಹಾಗಾಗಿ ಮೊದಲು ಡಿಸ್ಕ್ ಬಿಚ್ಚಿ ಚೆನ್ನಾಗಿರುವ ಇನ್ನೊಂದು ಸಿಸ್ಟಮ್‌ಗೆ ಹಾಕಿ ಡೇಟಾ ತೆಗೆದಿಟ್ಟೆ. ಅನುಮಾನ ಇರುವ ಸಿಸ್ಟಮ್‌ನಲ್ಲೇ ಕಾಪಿ ಮಾಡಬಾರದು. ಡಿಸ್ಕ್ ರಿಪೇರಿ ಕಮಾಂಡ್ ಕೂಡ ಅದರಲ್ಲಿ ಓಡಿಸಬಾರದು, ಇರುವುದನ್ನೂ ಕೆಡಿಸಿಬಿಡಬಹುದು.

ಆಮೇಲೆ ಪರೀಕ್ಷೆ. ವಿಂಡೋಸ್ ಒಳಗೇ ಮೆಮೊರಿ ಡಯಾಗ್ನಾಸ್ಟಿಕ್ ಇದೆ. ಅದು ಶುರುವಾದಾಗ ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಆರಿಸಿಕೊಳ್ಳಬೇಕು. ಮನೆಯಲ್ಲಿ ನೋಡಿಕೊಳ್ಳುವವರಿಗೆ ಅದು ಸಾಕು. ಆದರೆ ಅದು ಸರಿ ಅಂದಿದ್ದನ್ನು ಮೆಮ್‌ಟೆಸ್ಟ್86+ ಅನ್ನುವ ಪರೀಕ್ಷೆಯ ಸಾಫ್ಟ್‌ವೇರ್ ತಪ್ಪು ಅಂತ ಹಿಡಿದದ್ದನ್ನು ನೋಡಿದ್ದೇನೆ. ಅದಕ್ಕೇ ನಾನು ಮೆಮ್‌ಟೆಸ್ಟ್ ಇರುವ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡುತ್ತೇನೆ. ಉಚಿತ, ವಿಂಡೋಸ್ ಬೇಕಾಗಿಲ್ಲ. ಒಂದು ಸುತ್ತಿಗೆ ನಿಲ್ಲಿಸಬೇಡಿ. ಕೆಲವು ರ‍್ಯಾಮ್ ಬಿಸಿಯಾದ ಮೇಲಷ್ಟೇ ತಪ್ಪು ತೋರಿಸುತ್ತವೆ, ರಾತ್ರಿ ಪೂರ್ತಿ ಓಡಲಿ. ನಮ್ಮ ಕಡೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಪರೀಕ್ಷೆ ಮೊದಲಿನಿಂದ ಶುರು ಮಾಡಬೇಕು. ಅದಕ್ಕೆ ಇನ್ವರ್ಟರ್ ಲೈನಿಗೆ ಹಾಕಿಯೇ ಬಿಡುತ್ತೇನೆ.

ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ, ಅಂದರೆ ರ‍್ಯಾಮ್ ಸ್ಪೀಡ್ ಹೆಚ್ಚಿಸುವ ಸೆಟ್ಟಿಂಗ್, ಆನ್ ಇದ್ದರೆ ಮೊದಲು ಆಫ್ ಮಾಡಿ ನೋಡಿ. ರ‍್ಯಾಮ್ ಸರಿಯಿದ್ದೂ ಜಾಸ್ತಿ ಸ್ಪೀಡಿಗೆ ತಡೆಯದೆ ತಪ್ಪು ಮಾಡುವುದುಂಟು. ತೋಟದ ಸಿಸ್ಟಮ್‌ನಲ್ಲಿ ಅದು ಆಫೇ ಇತ್ತು. ಎರಡೂ ರ‍್ಯಾಮ್ ಇಟ್ಟು ಓಡಿಸಿದೆ, ತಪ್ಪು ತೋರಿಸುವ ಕೆಂಪು ಸಾಲುಗಳು ಬಂದವು. ಒಂದೇ ಒಂದು ತಪ್ಪು ಬಂದರೂ "ಪರವಾಗಿಲ್ಲ" ಅನ್ನುವ ಹಾಗಿಲ್ಲ. ಸೊನ್ನೆ ಇರಬೇಕು.

ಈಗ ಕ್ಯಾಬಿನೆಟ್ ಬಿಚ್ಚುವ ಕೆಲಸ. ಪವರ್ ವೈರ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ, ಕ್ಯಾಬಿನೆಟ್‌ನ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ, ಆಮೇಲೆ ರ‍್ಯಾಮ್ ಮುಟ್ಟುತ್ತೇನೆ. ಈ ಆಫೀಸು ಕಾಫಿ ಒಣಗಿಸುವ ಕಣದ ಪಕ್ಕವೇ ಇದೆ. ಸ್ಲಾಟ್ ತುಂಬ ಹೊಟ್ಟಿನ ಧೂಳು, ಅದಕ್ಕೆ ಮಳೆಯ ತಂಡಿ ಸೇರಿ ಅಂಟಾಗಿತ್ತು. ರ‍್ಯಾಮ್‌ನ ಚಿನ್ನದ ಬಣ್ಣದ ಪಟ್ಟಿ ಕೂಡ ಮಂಕಾಗಿತ್ತು. ಪೆನ್ಸಿಲ್ ಅಳಿಸುವ ಮೆತ್ತನೆ ಬಿಳಿ ರಬ್ಬರ್‌ನಿಂದ ಹಗುರವಾಗಿ ಒರೆಸಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿದೆ. ಇಂಕ್ ಅಳಿಸುವ ಗಡಸು ರಬ್ಬರ್, ಉಪ್ಪು ಕಾಗದ ಬೇಡವೇ ಬೇಡ. ಮೇಲಿನ ಚಿನ್ನದ ಲೇಪ ತುಂಬ ತೆಳು, ಅದು ಹೋದರೆ ತುಕ್ಕು ಬೇಗ ಹಿಡಿಯುತ್ತದೆ. ಸ್ಲಾಟಿಗೆ ಬ್ಲೋವರ್ ಗಾಳಿ ಹೊಡೆದೆ. ಮಳೆಗಾಲದಲ್ಲಿ ಎಷ್ಟೋ ಸಿಸ್ಟಮ್ ಇಷ್ಟಕ್ಕೇ ಸರಿಯಾಗುತ್ತವೆ, ಬೀಪ್ ಬೀಪ್ ಅಂತ ಕೂಗಿ ಡಿಸ್‌ಪ್ಲೇ ಬಾರದವಂತೂ ಜಾಸ್ತಿ.

ಇದು ಸರಿಯಾಗಲಿಲ್ಲ. ಮತ್ತೆ ಕೆಂಪು ಸಾಲು. ಆಗ ಒಂದೊಂದೇ ರ‍್ಯಾಮ್. ಮದರ್‌ಬೋರ್ಡ್ ಪುಸ್ತಕದಲ್ಲಿ ಒಂಟಿ ರ‍್ಯಾಮ್ ಯಾವ ಸ್ಲಾಟಿಗೆ ಅಂತ ಇರುತ್ತದೆ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯದು. ಒಂದು ರ‍್ಯಾಮ್ ಅಲ್ಲಿ ಪೂರ್ತಿ ಪಾಸಾಯಿತು. ಇನ್ನೊಂದನ್ನು ಅದೇ ಸ್ಲಾಟಿಗೆ ಹಾಕಿದೆ, ತಪ್ಪು ಬಂತು. ಅದನ್ನೇ ಬೇರೆ ಸ್ಲಾಟಿಗೆ ಹಾಕಿದೆ, ಅಲ್ಲೂ ತಪ್ಪು, ಅದೂ ಅದೇ ವಿಳಾಸದಲ್ಲಿ, ಅದೇ ಬಿಟ್‌ನಲ್ಲಿ. ಇನ್ನು ಅನುಮಾನವಿಲ್ಲ, ರ‍್ಯಾಮ್ ಚಿಪ್ಪೇ ಸತ್ತಿದೆ.

ತಪ್ಪು ರ‍್ಯಾಮ್‌ನ ಹಿಂದೆ ಹೋಗುತ್ತದೋ ಸ್ಲಾಟಿನಲ್ಲೇ ಉಳಿಯುತ್ತದೋ, ಇಡೀ ಪರೀಕ್ಷೆ ಇರುವುದು ಇದಕ್ಕೇ. ಮಡಿಕೇರಿಯ ಒಂದು ಹೋಮ್‌ಸ್ಟೇ ಸಿಸ್ಟಮ್‌ನಲ್ಲಿ ಉಲ್ಟಾ ಆಗಿತ್ತು. ಯಾವ ರ‍್ಯಾಮ್ ಹಾಕಿದರೂ ಒಂದು ಕಡೆಯ ಸ್ಲಾಟ್‌ಗಳಲ್ಲಿ ಮಾತ್ರ ತೊಂದರೆ. ಹೊಸ ರ‍್ಯಾಮ್ ತಂದಿದ್ದರೆ ದುಡ್ಡು ದಂಡ. ಈಗ ರ‍್ಯಾಮ್ ಅನ್ನು ನಡೆಸುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೇ. ಮೇಲಿನ ಕೂಲರ್‌ನ ಸ್ಕ್ರೂ ಒಂದು ಕಡೆ ಜಾಸ್ತಿ ಬಿಗಿಯಾದರೆ ಪ್ರೊಸೆಸರ್ ಪಿನ್‌ಗಳು ಸರಿಯಾಗಿ ತಾಗದೆ ಒಂದು ಚಾನೆಲ್ (ಒಂದು ಕಡೆಯ ಸ್ಲಾಟ್‌ಗಳಿಗೆ ಹೋಗುವ ದಾರಿ) ಹೋಗಬಹುದು. ಅಲ್ಲಿ ಆಗಿದ್ದೂ ಅದೇ. ಕೂಲರ್ ಬಿಚ್ಚಿ, ಹೊಸ ಪೇಸ್ಟ್ ಹಚ್ಚಿ, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದಾಗ ಸರಿಹೋಯಿತು.

ತೋಟದ ಸಿಸ್ಟಮ್‌ಗೆ ಹೊಸ ರ‍್ಯಾಮ್ ಬೇಕಾಯಿತು. ಹಳೆ ತಲೆಮಾರಿನ ಡಿಡಿಆರ್3 ರ‍್ಯಾಮ್ ಡಿಡಿಆರ್4ರ ಸ್ಲಾಟಿಗೆ ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ, ಪಿನ್ ಕೂಡ 240 ಮತ್ತು 288. ಕೂರದಿದ್ದರೆ ಒತ್ತಬೇಡಿ. ಎರಡೂ ರ‍್ಯಾಮ್ ಒಂದೇ ಸ್ಪೀಡ್, ಒಂದೇ ಸೈಜ್ ಇದ್ದರೆ ಒಳ್ಳೆಯದು. ಹಾಕಿದ ಮೇಲೆ ಎರಡನ್ನೂ ಸೇರಿಸಿ ಮತ್ತೆ ರಾತ್ರಿ ಪರೀಕ್ಷೆ ಓಡಿಸಿದೆ. ಹೊಸದೂ ಕೆಟ್ಟು ಬರಬಹುದು. ಸೊನ್ನೆ ಬಂದ ಮೇಲೆಯೇ ವಿಂಡೋಸ್ ಹೊಸದಾಗಿ ಹಾಕಿದ್ದು.

ಲೆಕ್ಕದ ಫೈಲುಗಳಿಗೆ ತೊಂದರೆ ಶುರುವಾಗುವ ಮೊದಲಿನ ಬ್ಯಾಕಪ್ ಒಂದು ಪೆನ್‌ಡ್ರೈವ್‌ನಲ್ಲಿ ಸಿಕ್ಕಿತು. ನಡುವಿನ ವಾರಗಳ ಬಟವಾಡೆಯನ್ನು ಸಹಿ ಇರುವ ಮಸ್ಟರ್ ರೋಲ್ (ಹಾಜರಿ ಪುಸ್ತಕ) ನೋಡಿ ತಿರುಗಿ ಟೈಪ್ ಮಾಡಿ ಅಂತ ರೈಟರ್‌ಗೆ ಹೇಳಿದೆ. ತೆರೆದುಕೊಂಡ ಫೈಲುಗಳನ್ನೂ ನಂಬಬೇಡಿ, ಕಾಗದದ ಜೊತೆ ತಾಳೆ ನೋಡಿ ಅಂದೆ. ಕೆಟ್ಟ ರ‍್ಯಾಮ್‌ಗೆ ವಾರಂಟಿ ಇನ್ನೂ ಇತ್ತು. ಮೆಮ್‌ಟೆಸ್ಟ್ ಸ್ಕ್ರೀನಿನ ಫೋಟೋ, ಬಿಲ್ಲು ಎರಡನ್ನೂ ಸೇರಿಸಿ ಬದಲಿಗೆ ಕಳಿಸಿದ್ದೇನೆ.